ಲಾಡಸಾಬರ ಮೋಟಾರಿನ ಕಿಮ್ಮತ್ತು

ಇಳಕಲ್ಲ
ತಾ. ೫ ಅಕ್ಟೋಬರ ೧೯೨೭

ತಮ್ಮ ಇಮಾಮಹುಸೇನನಿಗೆ ನಿನ್ನ ಆಪಾ ದೌಲತಬಿಯ ದುವಾ. ನಾನೂ ಅತ್ತೆಯವರೂ ಆರಾಮ ಇದ್ದೇವೆ. ನೀನೂ ನಿನ್ನ ಹೆಂಡತಿ ಅಬೇದಾಳೂ ಆರಾಮ ಇದ್ದೀರೆಂದು ತಿಳಿದಿದ್ದೇನೆ.

ಹೊರಗೆ ಕಾಲಿಡದೆ ಮನೆಯೊಳಗೇ ಕೂತು ಕಳೆದ ನನ್ನ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನಗಳು ಮೊನ್ನೆಗೆ ಮುಗಿದವು. ನಿನ್ನ ಭಾವ ತೀರಿಕೊಂಡ ಮೇಲೆ ಮೊದಲ ಸಲ ಹಿತ್ತಲ ಛಪ್ಪರಕ್ಕೆ ಹೋದೆ. ಮೋಟಾರು ಅವರು ನಿಲ್ಲಿಸಿದ ಹಾಗೆಯೇ ನಿಂತಿತ್ತು. ಹಿಂದಿನ ಸೀಟಿನಲ್ಲಿ ಯಾರದೋ ಕೋಳಿ ಮೊಟ್ಟೆ ಇಟ್ಟಿತ್ತು. ಅತ್ತೆ ಮೊಟ್ಟೆ ಎತ್ತಿಕೊಂಡರು, ನಾನು ಸೀಟು ಒರೆಸಿದೆ.

ಭಾವನ ಮಯ್ಯತ್ತಿಗೆ ಬಂದಾಗ ನೀನು ಹೇಳಿದ ಮಾತು ನೆನಪಿದೆ: "ಆಪಾ, ಎಲ್ಲಾ ಮಾರಿ ಬಾಗಲಕೋಟಿಗೆ ಬಂದ ಬಿಡು. ನನ್ನ ತಾಟಿನ್ಯಾಗಿಂದ ನಿಮಗಿಬ್ಬರಿಗೂ ಆಗ್ತದ." ಅಂದಿದ್ದಕ್ಕೆ ಅಲ್ಲಾಹ ನಿನ್ನನ್ನು ಚೆನ್ನಾಗಿಟ್ಟಿರಲಿ. ಆದರೆ ನಾನು ಬರುವುದಿಲ್ಲ. ಅಪ್ಪನ ಹತ್ತಿರ ಕೂತು ಮಗ್ಗ ಕಲಿತವಳು ನಾನು. ಮಗ್ಗುಲು ಮನೆಯ ಶೇಖವ್ವನ ಸಂಬಂಧಿಕರು ಎರಡು ಮಗ್ಗ ಮಾರುವವರಿದ್ದಾರೆ. ಒಂದರಲ್ಲಿ ನಾನು ಕೂತು, ಇನ್ನೊಂದಕ್ಕೆ ನೇಕಾರನನ್ನು ಹಚ್ಚಿದರೆ ಅತ್ತೆ ಸೊಸೆ ಯಾರ ತಾಟಿಗೂ ಕೈ ಹಾಕದೆ ಬದುಕುತ್ತೇವೆ. ಅದಕ್ಕೆ ಬಂಡವಾಳ ಎಂದರೆ ಈ ಮೋಟಾರು.

ನಿನ್ನ ಮಾಲಕರಾದ ಗುರಪ್ಪ ಸಾವಕಾರರು ಆಗಲೇ ಆಳು ಕಳಿಸಿದ್ದರು. ಅದೂ ನಾನು ಇದ್ದತ್ತಿನಲ್ಲಿ ಕೂತಿದ್ದಾಗ. ಆ ಮನುಷ್ಯ ಬಾಗಿಲಲ್ಲಿ ನಿಂತು ಅತ್ತೆಗೆ ಹೇಳಿದ: "ಸಾವಕಾರ್ರು ಮುನ್ನೂರು ಕೊಡ್ತಾರಂತ. ಹಳೇ ಕಬ್ಬಿಣಕ್ಕ ಅದಕ್ಕಿಂತ ಹೆಚ್ಚಿಗಿ ಯಾರು ಕೊಡ್ತಾರ?" ಅತ್ತೆ ಅಂದರು: "ಕಬ್ಬಿಣ ಆದ್ರ ತಕ್ಕಡಿ ತಗೊಂಡು ಬಾ. ಮೋಟಾರು ಆದ್ರ ಮೋಟಾರಿನ ಮಾತಾಡು."

ಬಾಗಲಕೋಟೆಯಲ್ಲಿ ತನ್ನ ಉಪಯೋಗಕ್ಕೆಂದೇ ಮೋಟಾರು ಹುಡುಕುವ ಗಿರಾಕಿ ಯಾರಾದರೂ ಇದ್ದಾರೋ ನೋಡು. ದಲ್ಲಾಳಿ ಬೇಡ. ಪುಣ್ಯಕ್ಕೆ ಕೊಟ್ಟಂತೆ ಕೊಡುವವರೂ ಬೇಡ. ಸರಿಯಾದ ಕಿಮ್ಮತ್ತು ಕೊಡುವವರು ಬೇಕು.

ನಿನ್ನ ಆಪಾ
ದೌಲತಬಿ

•

ಬಾಗಲಕೋಟ
ತಾ. ೧೦ ಅಕ್ಟೋಬರ ೧೯೨೭

ಆಪಾಳಿಗೆ ಇಮಾಮಹುಸೇನನ ಸಲಾಮು.

ನಿನ್ನ ಪತ್ರ ಮುಟ್ಟಿತು. ಮಗ್ಗದ ವಿಚಾರ ಓದಿ ಅಬೇದಾ ಕಣ್ಣೀರು ಹಾಕಿದಳು. ಇರುವ ಒಬ್ಬ ತಮ್ಮ ಬದುಕಿರುವಾಗ ನೀನು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯ್ದರೆ ಜನ ನನ್ನ ಮುಖಕ್ಕೆ ಏನೆಂದಾರು?

ಮೋಟಾರಿನ ಬಗ್ಗೆ ಹೇಳುತ್ತೇನೆ, ಸಮಾಧಾನದಿಂದ ಓದು. ಬಾಗಲಕೋಟೆಯಿಂದ ಇಳಕಲ್ಲಿನವರೆಗೆ ಓಡುವ ಮೂರು ಸರ್ವೀಸ ಮೋಟಾರುಗಳೂ ಸಾವಕಾರರವೇ. ಇದ್ದ ನಾಲ್ಕನೆಯದು ಭಾವನದು, ಅದೂ ನಿಂತಿತು. ಈ ದಾರಿಯಲ್ಲಿ ಇನ್ನು ಬೇರೆ ಗಿರಾಕಿ ಎಲ್ಲಿಂದ ಬರಬೇಕು? ಐದು ತಿಂಗಳು ನಿಂತ ಮೋಟಾರು ಎಂದರೆ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ಮುದಿ ಎತ್ತು. ದಿನ ಹೋದ ಹಾಗೆ ಅದರ ಬೆಲೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಮುನ್ನೂರು ಕಡಿಮೆ ಎಂದು ನನಗೂ ಅನಿಸುತ್ತದೆ. ನಾನು ಕೇಳಿಕೊಂಡರೆ ಇನ್ನೊಂದು ಇಪ್ಪತ್ತೈದು ಏರಿಸಬಹುದು.

ಸಾವಕಾರರು ಈಗೀಗ ನನ್ನ ಮೇಲೆ ಬಹಳ ವಿಶ್ವಾಸ ಇಟ್ಟಿದ್ದಾರೆ. ಮೊನ್ನೆ ಜಿನ್ನಿನ ಕಾರಖಾನೆಯಲ್ಲಿ ಹತ್ತಿ ಅಂಡಿಗೆಗಳ ನಡುವೆ ನಿಲ್ಲಿಸಿಕೊಂಡು ತಾವಾಗಿಯೇ ನಿನ್ನ ಕ್ಷೇಮ ವಿಚಾರಿಸಿದರು. ದೊಡ್ಡ ಮನುಷ್ಯರನ್ನು ಎದುರು ಹಾಕಿಕೊಳ್ಳುವುದು ಬೇಡ. ಒಪ್ಪಿಗೆಯ ಮಾತು ಮರುಟಪಾಲಿಗೇ ಬರೆ. ತಡ ಮಾಡಬೇಡ.

ನಿನ್ನ ತಮ್ಮ
ಇಮಾಮಹುಸೇನ

ಮರುಟಪಾಲಿಗೇ ಬರೆ, ಆಪಾ.

•

ಇಳಕಲ್ಲ
ತಾ. ೧೭ ಅಕ್ಟೋಬರ ೧೯೨೭

ತಮ್ಮ ಇಮಾಮಹುಸೇನನಿಗೆ ದುವಾ.

ಮರುಟಪಾಲಿಗೆ ಬರೆಯಲಿಲ್ಲ. ವಿಚಾರಿಸುವುದಿತ್ತು, ವಿಚಾರಿಸಿದೆ.

ಸಾವಕಾರರ ಮೋಟಾರು ಹೊಡೆಯುವ ಹನಮಪ್ಪ ನಿನ್ನ ಭಾವನ ಗೆಳೆಯನಾಗಿದ್ದನಲ್ಲ, ಅವನು ಅತ್ತೆಯನ್ನು ಮಾತಾಡಿಸಲು ಬಂದಿದ್ದ. ಚಹಾ ಕೊಟ್ಟು ಕೇಳಿದೆ: "ಹನಮಪ್ಪಣ್ಣ, ಹೋದ ದಸರೆಯೊಳಗ ಹುನಗುಂದದ ವಕೀಲರ ಮೋಟಾರು ನಿಮ್ಮ ಸಾವಕಾರ್ರು ತಗೊಂಡರಲ್ಲ, ಎಷ್ಟಕ್ಕ ತಗೊಂಡರು?" ಅವನು ಚಹಾ ಪೂರ್ತಿ ಕುಡಿದು, ಬಶಿ ಕೆಳಗಿಟ್ಟು, ಆಮೇಲೆ ಹೇಳಿದ: "ಒಂಬೈನೂರಕ್ಕ, ಅಕ್ಕಾ. ನಿಮ್ಮದಕ್ಕಿಂತ ಒಂದು ವರ್ಷ ಹಳೇದು. ನಾ ಹೇಳಿದೆ ಅಂತ ಹೇಳಬ್ಯಾಡ್ರಿ."

ಅದೇ ಫೋರ್ಡ, ಅದೇ ದಾರಿ, ಅದೇ ಸಾವಕಾರ. ಮಾರುವವರು ವಕೀಲರಾದರೆ ಒಂಬೈನೂರು, ಗಂಡ ಸತ್ತ ದೌಲತಬಿಯಾದರೆ ಮುನ್ನೂರು. ಉಳಿದ ಆರುನೂರು ಯಾವುದರ ಕಿಮ್ಮತ್ತು? ನನ್ನ ಬಿಳಿ ಸೀರೆಯದೋ?

ಹನಮಪ್ಪ ಇನ್ನೊಂದು ಮಾತನ್ನೂ ಹೇಳಿದ. ನನ್ನ ಮೋಟಾರನ್ನು ಹೊಡೆದು ಗಿರಾಕಿಗೆ ತೋರಿಸಬಾರದೆಂದು ಈ ದಾರಿಯ ಡ್ರಾಯವರರಿಗೆಲ್ಲ ತಾಕೀತಾಗಿದೆಯಂತೆ. ಓಡದ ಮೋಟಾರನ್ನು ಯಾರೂ ಕೊಳ್ಳುವುದಿಲ್ಲ ಎಂಬ ಲೆಕ್ಕ ಅವರದು.

ನೀನು ಕೊಟ್ಟಿಗೆಯ ಮುದಿ ಎತ್ತಿನ ಮಾತು ಬರೆದಿದ್ದೀ. ಎಂಜಿನು ಕೆಟ್ಟಿಲ್ಲ. ಅದು ಹೇಗೆ ಗೊತ್ತೆಂದು ಕೇಳಬೇಡ.

ವಾರಪತ್ರಿಕೆಯೊಂದಕ್ಕೆ ಜಾಹೀರಾತು ಕಳಿಸಿದ್ದೇನೆ. ಅದರ ಒಕ್ಕಣೆ ಹೀಗಿದೆ: "ಮಾರುವುದಿದೆ. ದಿವಂಗತ ಲಾಡಸಾಬರು ಓಡಿಸುತ್ತಿದ್ದ ಫೋರ್ಡ ಮೋಟಾರು. ಎಂಜಿನು ಸುಸ್ಥಿತಿಯಲ್ಲಿದೆ. ಹಿಂದಿನ ಎಡಗಡೆಯ ಟಾಯರು ಸವೆದಿದೆ. ಮೇಲಿನ ಹುಡ್ಡು ಮಳೆಗೆ ಸೋರುತ್ತದೆ. ಒಂದು ದೀಪ ಇಲ್ಲ. ಕಿಮ್ಮತ್ತು ಎಂಟುನೂರೈವತ್ತು. ನೋಡಿ, ಓಡಿಸಿ, ಆಮೇಲೆ ಮಾತಾಡತಕ್ಕದ್ದು." ಬಾಗಲಕೋಟೆಯ ಕಡೆಯವರು ವಿಚಾರಿಸಲೆಂದು ನಿನ್ನ ಹೆಸರನ್ನೂ ಹಾಕಿಸಿದ್ದೇನೆ. ಯಾರಾದರೂ ಬಂದು ಕೇಳಿದರೆ ನಿನಗೆ ಗೊತ್ತಿದ್ದಷ್ಟು ಹೇಳು. ಹೆಚ್ಚು ಬೇಡ, ಕಡಿಮೆ ಬೇಡ.

ದೌಲತಬಿ

•

ಬಾಗಲಕೋಟ
ತಾ. ೩೦ ಅಕ್ಟೋಬರ ೧೯೨೭

ಆಪಾಳಿಗೆ ಸಲಾಮು.

ನೀನು ಜಾಹೀರಾತು ಹಾಕಿಸಿದ ಪತ್ರಿಕೆಯನ್ನು ಇಲ್ಲಿ ಅಂಗಡಿಯಿಂದ ಅಂಗಡಿಗೆ ಓದಿ ನಕ್ಕರು. ತನ್ನ ಮಜ್ಜಿಗೆ ಹುಳಿ ಎಂದು ಡಂಗುರ ಸಾರಿ ಮಾರುವವರನ್ನು ಈ ಊರಿನವರು ಇದೇ ಮೊದಲ ಸಲ ಕಂಡಿದ್ದಾರೆ. ಜಿನ್ನಿನಲ್ಲಿ ಒಬ್ಬ ನನ್ನನ್ನು ಕೇಳಿದ, "ಹುಡ್ಡು ಸೋರಿದ್ರ ಛತ್ರಿ ಪುಕ್ಕಟೆ ಕೊಡ್ತೀರೇನು?" ಎಂದು. ನಗಲಿ, ಅದನ್ನು ತಡೆದುಕೊಂಡೇನು. ಹೆಣ್ಣುಮಗಳ ಹೆಸರು ಅಚ್ಚಿನಲ್ಲಿ ಬಂತು. ಅದನ್ನೂ ತಡೆದುಕೊಂಡೆ.

ಆದರೆ ಈಗ ಕೇಳಿದ ಸುದ್ದಿಯನ್ನು ತಡೆದುಕೊಳ್ಳಲಾರೆ. ಇಳಕಲ್ಲಿನಿಂದ ಬಂದ ಜವಳಿ ವ್ಯಾಪಾರಿಯೊಬ್ಬ ಎಲ್ಲರೆದುರು ಹೇಳಿದ. ಬೆಳಕು ಹರಿಯುವ ಹೊತ್ತಿಗೆ ಭಾವನ ಮೋಟಾರು ಹುನಗುಂದದ ದಾರಿಯಲ್ಲಿ ಓಡಾಡುತ್ತದಂತೆ. ಹೊಡೆಯುವವನು ದೊಡ್ಡ ರುಮಾಲು ಸುತ್ತಿಕೊಂಡು ಮುಖ ಅರ್ಧ ಮುಚ್ಚಿಕೊಂಡಿರುತ್ತಾನಂತೆ. ಯಾರು ಅವನು, ಆಪಾ? ಯಾವ ಊರಿನವನು? ಗಂಡು ದಿಕ್ಕಿಲ್ಲದ ಮನೆಗೆ ನಸುಕಿನಲ್ಲಿ ಬಂದು ಮೋಟಾರು ತೆಗೆದುಕೊಂಡು ಹೋಗುವವನಿಗೆ ನಿನ್ನ ಹತ್ತಿರ ಏನು ಸಲಿಗೆ? ಎಂಜಿನು ಕೆಟ್ಟಿಲ್ಲವೆಂದು ಅಷ್ಟು ಧೈರ್ಯದಿಂದ ಬರೆದದ್ದು ಅವನ ಮಾತು ನಂಬಿಯೇ ಇರಬೇಕು.

ಭಾವ ಹೋಗಿ ಇನ್ನೂ ವರ್ಷವಾಗಿಲ್ಲ. ನಾನು ತಲೆಯೆತ್ತಿ ಮಸೀದಿಗೆ ಹೋಗುವುದು ಬೇಡವೆ? ಆ ಮನುಷ್ಯನನ್ನು ಇವತ್ತೇ ಬಿಡಿಸು. ಮೋಟಾರನ್ನು ಸಾವಕಾರರಿಗೆ ಕೊಟ್ಟು ಬಾಗಲಕೋಟೆಗೆ ಬಾ. ಇದು ಕೇಳಿಕೆಯಲ್ಲ.

ಇಮಾಮಹುಸೇನ

•

ಇಳಕಲ್ಲ
ತಾ. ೨ ನವೆಂಬರ ೧೯೨೭

ಇಮಾಮಹುಸೇನನಿಗೆ,

ಆ ರುಮಾಲು ನಿನ್ನ ಭಾವನದು. ಅದರ ಕೆಳಗಿನ ತಲೆ ನಿನ್ನ ಆಪಾಳದು.

ಎರಡು ವರ್ಷದ ಹಿಂದೆ ಎಂಜಿನು ಚಾಲು ಮಾಡಲು ಹ್ಯಾಂಡಲ್ಲು ತಿರುವುವಾಗ ಅದು ಎದುರು ಹೊಡೆದು ಅವರ ಬಲಗೈ ಉಳುಕಿತ್ತಲ್ಲ, ಆಗ ಮೋಟಾರು ಮನೆಯಲ್ಲಿ ಸುಮ್ಮನೆ ನಿಂತಿತ್ತು. ಒಂದು ಮುಂಜಾನೆ ನನ್ನನ್ನು ಹಳ್ಳದಾಚೆಯ ಬಯಲಿಗೆ ಕರೆದುಕೊಂಡು ಹೋಗಿ ಹೊಡೆಯುವ ಸೀಟಿನಲ್ಲಿ ಕೂಡಿಸಿದರು. ನಾನು ಹೆದರಿ, "ಕೈ ಕಾಲು ಎರಡೂ ಒಮ್ಮೆಗೇ ನಡಸೂದು ನನ್ನಿಂದಾಗೂದಿಲ್ಲ, ಒಲ್ಲೆ" ಅಂದೆ. ಅವರು ನಕ್ಕರು: "ಮಗ್ಗದಾಗ ಕೈಯಿಲೆ ಲಾಳಿ ಒಗೀತಿ, ಕಾಲಿಲೆ ತುಳೀತಿ, ಕಣ್ಣಿಲೆ ಎಳಿ ನೋಡ್ತಿ. ಇದೂ ಅಷ್ಟ ಐತಿ. ತುಳಿಯಾಕ ಮೂರು ಪೆಡಲು, ಮ್ಯಾಲೆ ಕೈಗೆ ಎರಡು ಸಳಿ. ಹೊಡಿ." ಮೊದಲ ದಿನ ಜಾಲಿಗಿಡಕ್ಕೆ ಗುದ್ದಿದೆ. ಆಮೇಲೆ ಗುದ್ದಲಿಲ್ಲ. ಅತ್ತೆಗೆ ಗೊತ್ತು, ಶೇಖವ್ವನಿಗೆ ಗೊತ್ತು. ನಿನಗೆ ಹೇಳಿದ್ದರೆ ನೀನು ಆಗಲೂ ಮಸೀದಿಯ ಮಾತನ್ನೇ ಆಡುತ್ತಿದ್ದೆ. ಅದಕ್ಕೇ ಹೇಳಲಿಲ್ಲ.

ಡ್ರಾಯವರರು ಯಾರೂ ಬರುವುದಿಲ್ಲವೆಂದು ಗೊತ್ತಾದ ಮೇಲೆ ನಾನೇ ನಸುಕಿನಲ್ಲಿ ಹೊರಗೆ ತೆಗೆಯಲು ಶುರುಮಾಡಿದೆ. ಮಾರುವ ವಸ್ತು ಸುಸ್ಥಿತಿಯಲ್ಲಿದೆಯೋ ಇಲ್ಲವೋ ಎಂಬುದು ಮೊದಲು ಮಾರುವವಳಿಗೆ ಗೊತ್ತಿರಬೇಕು.

ಯಾರೋ ಜವಳಿ ವ್ಯಾಪಾರಿ ರುಮಾಲು ಕಂಡ. ನೀನು ಅದರೊಳಗೆ ಒಬ್ಬ ಗಂಡಸನ್ನು ಕಂಡೆ. ಒಂದೇ ತಾಯಿಯ ಹಾಲು ಕುಡಿದವನು ನನ್ನನ್ನು ಕೇಳದೆ ಅದನ್ನು ನಂಬಿದೆ. ಇನ್ನು ಮೇಲೆ ರುಮಾಲು ಸುತ್ತುವುದಿಲ್ಲ. ಸೆರಗು ಹೊದ್ದು, ಬಿಸಿಲೇರಿದ ಮೇಲೆ, ಸಂತೆಯ ನಡುವೆ ಹೊಡೆಯುತ್ತೇನೆ. ನೋಡುವವರು ನೋಡಲಿ.

ದೌಲತಬಿ

•

ಇಳಕಲ್ಲ
ತಾ. ೨೧ ನವೆಂಬರ ೧೯೨೭

ಇಮಾಮಹುಸೇನನಿಗೆ,

ನಿನ್ನ ಉತ್ತರಕ್ಕಾಗಿ ಕಾದೆ. ಬರಲಿಲ್ಲ. ಬದಲಿಗೆ ಬಾದಾಮಿಯಿಂದ ಒಂದು ಕಾರ್ಡು ಬಂತು.

ಬರೆದವರು ರಾಚಯ್ಯನವರೆಂದು. ಬಾದಾಮಿಯಲ್ಲಿ ಖಾನಾವಳಿ ಇಟ್ಟಿದ್ದಾರೆ. ರೇಲ್ವೆ ಸ್ಟೇಶನ್ನು ಊರಿನಿಂದ ದೂರವಾದ್ದರಿಂದ ಗವಿ ನೋಡಲು ಬರುವವರನ್ನು ಸ್ಟೇಶನ್ನಿನಿಂದ ಕರೆತರಲು ಅವರಿಗೊಂದು ಮೋಟಾರು ಬೇಕು. ಜಾಹೀರಾತು ಓದಿ, ಬಾಗಲಕೋಟೆಗೆ ಬಂದಾಗ ಜಿನ್ನಿಗೆ ಹೋಗಿ ನಿನ್ನನ್ನು ಭೆಟ್ಟಿಯಾಗಿದ್ದರಂತೆ. ಮೋಟಾರು ಹೇಗಿದೆಯೆಂದು ಕೇಳಿದರಂತೆ. ಅವರು ಬರೆದಿರುವುದನ್ನು ಹಾಗೆಯೇ ನಕಲು ಮಾಡುತ್ತೇನೆ: "ತಮ್ಮ ಸಹೋದರರು ನೆಲ ನೋಡುತ್ತ ನಿಂತರೇ ವಿನಾ ಒಂದಕ್ಷರವೂ ಆಡಲಿಲ್ಲ. ಒಡಹುಟ್ಟಿದವರೇ ಮೌನ ತಾಳಿದ ಮೇಲೆ ವಸ್ತುವಿನಲ್ಲಿ ದೊಡ್ಡ ದೋಷವಿರಬೇಕೆಂದು ಭಾವಿಸಿ ಹಿಂದೆಗೆದಿದ್ದೇನೆ."

ಗೊತ್ತಿದ್ದಷ್ಟು ಹೇಳು ಎಂದಿದ್ದೆ. ಇಷ್ಟು ದಿನ ಭಾವನ ಮೋಟಾರಿನಲ್ಲಿ ಪುಕ್ಕಟೆ ಓಡಾಡಿದವನಿಗೆ ಒಂದು "ಚಲೋ ಐತ್ರಿ" ಎನ್ನಲು ನಾಲಿಗೆ ಹೊರಳಲಿಲ್ಲ. ಸಾವಕಾರರು ಆ ನಾಲಿಗೆಗೆ ಏನು ಕೊಟ್ಟರೆಂದು ನಾನು ಕೇಳುವುದಿಲ್ಲ. ನನಗೆ ಉತ್ತರವೂ ಬೇಡ.

ರಾಚಯ್ಯನವರಿಗೆ ನಾನೇ ಬರೆದೆ: "ನನ್ನ ತಮ್ಮನ ಮಾತೂ ಬೇಡ, ನನ್ನ ಮಾತೂ ಬೇಡ. ಬರುವ ಶನಿವಾರ ಅಮೀನಗಡದ ಸಂತೆಗೆ ಬರ್ರಿ. ಮೋಟಾರು ತರುತ್ತೇನೆ. ನಿಮ್ಮ ಕಣ್ಣಿಂದ ನೋಡ್ರಿ." ಬರುತ್ತೇನೆಂದು ಉತ್ತರ ಬಂದಿದೆ.

ಮೋಟಾರು ಹೊಡೆಯುವ ಪರವಾನಗಿಗೂ ಅರ್ಜಿ ಹಾಕಿದ್ದೆ. ಹುನಗುಂದದ ಪೋಲೀಸ ಫೌಜದಾರರು ನಗುತ್ತ, "ಕಚೇರಿ ಸುತ್ತ ಒಂದು ಸುತ್ತು ಹೊಡೆದು ತೋರಸವ್ವ" ಅಂದರು. ಮೂರು ಸುತ್ತು ಹೊಡೆದೆ. ಕಾಗದ ಕೈಗೆ ಬಂದಿದೆ. ಇಲ್ಲಿ ಪೆಟ್ರೋಲು ಮಾರುವವನು ಸಾವಕಾರರ ಕಡೆಯವನು, ನನಗೆ ಡಬ್ಬಿ ಕೊಡಲೊಲ್ಲ. ಟಾಕಿಯಲ್ಲಿ ಇದ್ದಷ್ಟರಲ್ಲಿ ಅಮೀನಗಡ ಮುಟ್ಟುತ್ತೇನೆ.

ದೌಲತಬಿ

•

ಬಾಗಲಕೋಟ
ತಾ. ೨೩ ನವೆಂಬರ ೧೯೨೭

ಆಪಾಳಿಗೆ ಸಲಾಮು.

ಉತ್ತರ ಬೇಡವೆಂದಿದ್ದೀ. ಆದರೂ ಬರೆಯುತ್ತಿದ್ದೇನೆ.

ರಾಚಯ್ಯನವರು ಬಂದಾಗ ಗುರಪ್ಪ ಸಾವಕಾರರು ನನ್ನಿಂದ ಒಂದು ಮಾರು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅದಕ್ಕೆ ಎರಡು ದಿನ ಮೊದಲು ನನ್ನನ್ನು ಕರೆದು ಹೇಳಿದ್ದರು: "ಯಾರರೆ ಕೇಳಾಕ ಬಂದ್ರ ಎಂಜಿನು ಒಡದೈತಿ ಅಂತ ಹೇಳು. ಹಿರೇ ಕಾರಕೂನನ ಜಾಗಾ ಖಾಲಿ ಆಗೂದೈತಿ. ಹೇಳಲಿಲ್ಲಂದ್ರ ನಿನ್ನ ಜಾಗಾನೂ ಖಾಲಿ ಆಗ್ತೈತಿ." ಒಡೆದಿದೆ ಎನ್ನಲು ನನ್ನಿಂದ ಆಗಲಿಲ್ಲ, ಆಪಾ. ಒಡೆದಿಲ್ಲ ಎನ್ನಲೂ ಧೈರ್ಯ ಬರಲಿಲ್ಲ. ಸುಮ್ಮನೆ ನಿಂತೆ. ಸುಮ್ಮನಿದ್ದರೆ ಯಾರಿಗೂ ಮೋಸವಾಗುವುದಿಲ್ಲ ಎಂದುಕೊಂಡಿದ್ದೆ. ನನ್ನ ಮೌನವನ್ನೇ ಅವರು ಮಾತೆಂದು ಓದಿಕೊಂಡು ಹೋದರು. ನಿನ್ನ ಪತ್ರ ಬರುವವರೆಗೂ ಅದು ನನಗೆ ತಿಳಿಯಲಿಲ್ಲ.

ರುಮಾಲಿನ ಪತ್ರಕ್ಕೂ ಉತ್ತರ ಬರೆಯಲು ಕೂತಿದ್ದೆ. ನಾಚಿಕೆಯಾಗಿ ಹರಿದು ಹಾಕಿದೆ.

ಶನಿವಾರ ಬರಬೇಡ. ನೀನು ಬರುವುದು ಇಲ್ಲಿ ಎಲ್ಲರಿಗೂ ಗೊತ್ತಾಗಿದೆ. ಸಾವಕಾರರೂ ಅಮೀನಗಡಕ್ಕೆ ಹೊರಟಿದ್ದಾರೆ. ಅಲ್ಲಿಯೂ ನಿನಗೆ ಪೆಟ್ರೋಲು ಸಿಗದ ಹಾಗೆ ಮಾಡಿದ್ದಾರೆ. ನಡುದಾರಿಯಲ್ಲಿ ನಿಂತರೆ ಸಂತೆಯ ಜನ ಸುತ್ತುಗಟ್ಟಿ ನಗುತ್ತಾರೆ. ದಯಮಾಡಿ ಬರಬೇಡ.

ಇಮಾಮಹುಸೇನ

•

ಇಳಕಲ್ಲ
ತಾ. ೨೮ ನವೆಂಬರ ೧೯೨೭

ನನ್ನ ತಮ್ಮ ಇಮಾಮಹುಸೇನನಿಗೆ ಆಪಾ ದೌಲತಬಿಯ ತುಂಬ ತುಂಬ ದುವಾ.

ಶನಿವಾರ ಹೋಗಿದ್ದೆ. ನಡೆದದ್ದನ್ನೆಲ್ಲ ಬರೆಯುತ್ತೇನೆ, ಅಬೇದಾಳಿಗೂ ಓದಿ ಹೇಳು.

ಶೇಖವ್ವ ಹಿಂದಿನ ಸೀಟಿನಲ್ಲಿ ಬುತ್ತಿ ಗಂಟು ಹಿಡಿದು ಕೂತಳು. ಮೋಟಾರಿನಲ್ಲಿ ಕೂತದ್ದು ಅವಳಿಗೆ ಅದೇ ಮೊದಲು. ಹುನಗುಂದದವರೆಗೆ ಕಣ್ಣು ತೆರೆಯಲಿಲ್ಲ, ಹುನಗುಂದ ದಾಟಿದ ಮೇಲೆ ಬಾಯಿ ಮುಚ್ಚಲಿಲ್ಲ. ಅಮೀನಗಡ ಇನ್ನೇನು ಬಂತು ಎನ್ನುವಾಗ ಆ ಏರು ಇದೆಯಲ್ಲ, ಅದರ ಅರ್ಧಕ್ಕೆ ಮೋಟಾರು ಕೆಮ್ಮಿ ನಿಂತುಬಿಟ್ಟಿತು. ಟಾಕಿಯಲ್ಲಿ ಪೆಟ್ರೋಲು ತಳ ಕಂಡಿತ್ತು.

ಅಷ್ಟರಲ್ಲಿ ಹಿಂದಿನಿಂದ ಸಾವಕಾರರ ಸರ್ವೀಸ ಮೋಟಾರು ಸಂತೆಯ ಜನರನ್ನು ತುಂಬಿಕೊಂಡು ಬಂತು. ಹೊಡೆಯುತ್ತಿದ್ದವನು ಹನಮಪ್ಪ. ಒಳಗಿನಿಂದ ಒಬ್ಬ ಕೂಗಿದ: "ಎತ್ತು ಹೂಡೂಣೇನಬೇ?" ಎಲ್ಲರೂ ನಕ್ಕರು. ಶೇಖವ್ವ ಸುಮ್ಮನಿರುವವಳೆ? "ನಿನ್ನ ಹೂಡ್ತೇವಿ, ಇಳಿ ಕೆಳಗ!" ಅಂದಳು.

ನನಗೆ ನಿನ್ನ ಭಾವನ ಮಾತು ನೆನಪಾಯಿತು. ಪೆಟ್ರೋಲಿನ ಟಾಕಿ ಸೀಟಿನ ಕೆಳಗೆ, ಎಂಜಿನು ಮುಂದೆ. ಏರಿನಲ್ಲಿ ಮೂತಿ ಮೇಲಾದರೆ ಇದ್ದ ಚೂರು ಪೆಟ್ರೋಲು ಎಂಜಿನಿಗೆ ಹರಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಮೋಟಾರನ್ನು ತಿರುವಿ, ಬೆನ್ನು ಮುಂದೆ ಮಾಡಿ ಹತ್ತಿಸಬೇಕು. ಇಳಿಜಾರಿಗೆ ಬಿಟ್ಟು, ಬುಡದಲ್ಲಿ ತಿರುವಿ ನಿಲ್ಲಿಸಿ, ಹ್ಯಾಂಡಲ್ಲು ತಿರುವಿ, ಹಿಂದಕ್ಕೆ ಓಡಿಸುವ ನಡುವಿನ ಪೆಡಲು ಒತ್ತಿದೆ. ಮುಖ ಇಳಕಲ್ಲಿನ ಕಡೆಗೆ, ನಡಿಗೆ ಅಮೀನಗಡದ ಕಡೆಗೆ! ಹಿಂದಿನದು ನನಗೆ ಸರಿಯಾಗಿ ಕಾಣದು. ಶೇಖವ್ವ ಸೀಟಿನ ಮೇಲೆ ಮಂಡಿಯೂರಿ ಕೂಗತೊಡಗಿದಳು: "ಬಲಕ್ಕ... ಇನ್ನೊಂದೀಟು ಬಲಕ್ಕ... ಏ, ಕುರಿ ಬಂದಾವ, ನಿಂದ್ರು... ಹೂಂ, ಈಗ ಬಾ!" ಹೀಗೆ ಏರು ಹತ್ತಿದೆವು. ಆ ಮೋಟಾರಿನಲ್ಲಿ ನಗು ನಿಂತಿತ್ತು. ಒಬ್ಬ ಮುದುಕ ಮಾತ್ರ "ಶಾಬ್ಬಾಸ್, ಮಗಳ!" ಎಂದು ಕೂಗಿದ.

ರಾಚಯ್ಯನವರು ಕರದಂಟಿನ ಅಂಗಡಿಯ ಮುಂದೆ ಕಾಯುತ್ತಿದ್ದರು. ಎತ್ತರದ ಆಳು, ಹಣೆ ತುಂಬ ವಿಭೂತಿ, ಜೊತೆಗೆ ಅವರದೇ ಒಬ್ಬ ಡ್ರಾಯವರ. ನನಗಿಂತ ಮೊದಲೇ ಸುದ್ದಿ ಅವರನ್ನು ಮುಟ್ಟಿತ್ತು.

"ಏನವ್ವ, ಏರಿನ್ಯಾಗ ಹಿಂದ ಮುಂದ ಮಾಡಿ ಹತ್ತಿಸಿದಿ ಅಂತಾರ. ಖರೇನು?"

"ಖರೆ ಐತ್ರಿ. ಪೆಟ್ರೋಲು ಕಡಿಮಿ ಇದ್ರ ಹಂಗ ಹತ್ತಬೇಕು. ಟಾಕಿ ತುಂಬಿದ್ರ ಮುಂದಕ್ಕ ಹತ್ತೈತಿ."

"ಹಂಗಾದ್ರ ತುಂಬಿ ತೋರಸು."

ಅಲ್ಲೇ ಸಿಕ್ಕಿಬಿದ್ದೆ. ಪೆಟ್ರೋಲಿನ ಅಂಗಡಿಯವನು ನನ್ನನ್ನು ಕಂಡೊಡನೆ, "ತೀರೈತಿ" ಎಂದು ಬಾಗಿಲು ಎಳೆದುಕೊಂಡ. ಒಳಗೆ ಡಬ್ಬಿಗಳ ಸಾಲು ನನಗೂ ಕಂಡಿತು, ರಾಚಯ್ಯನವರಿಗೂ ಕಂಡಿತು. ಏನು ಮಾಡಲಿ ಎಂದು ನಿಂತಿದ್ದಾಗ ಕರದಂಟಿನ ಅಂಗಡಿಯವರು ಒಳಗಿನಿಂದ ಗೋಣಿಚೀಲ ಸುತ್ತಿದ ಡಬ್ಬಿಯೊಂದನ್ನು ಹೊತ್ತು ತಂದರು. "ದೌಲತಬಿ ಅಂದ್ರ ನೀವ ಏನ್ರಿ? ನಿನ್ನೆ ಬಾಗಲಕೋಟಿ ಕಲ್ಲಪ್ಪ ಬಂಡಿಯೊಳಗ ತಂದಿಟ್ಟು ಹೋಗ್ಯಾನ. ಕಳಿಸಿದವರ ಹೆಸರು ಮಾತ್ರ ಹೇಳಬಾರದಂತ."

ತಮ್ಮಾ, ಬಾಗಲಕೋಟೆಯಲ್ಲಿ ನನಗೆ ಇನ್ನಾರಿದ್ದಾರೆ? ಬರಬೇಡ ಎಂದು ಬರೆದ ಕೈಯೇ ಪೆಟ್ರೋಲು ಕಳಿಸಿತಲ್ಲ! ಬಿಡು, ಜನರ ಮುಂದೆ ಅಳಲಿಲ್ಲ.

ಟಾಕಿ ತುಂಬಿಸಿ, ರಾಚಯ್ಯನವರನ್ನೂ ಅವರ ಡ್ರಾಯವರನನ್ನೂ ಕೂಡಿಸಿಕೊಂಡು ಅದೇ ಏರು ಇಳಿದು, ಮುಂದಕ್ಕೇ ಹತ್ತಿಸಿ ತಂದೆ. ರಾಚಯ್ಯನವರು ಬಹಳ ಗಟ್ಟಿ ಮನುಷ್ಯ. ಮೋಟಾರಿನ ಕೆಳಗೆ ನುಸುಳಿ ನೋಡಿದರು. ಹುಡ್ಡಿನ ತೂತಿನಲ್ಲಿ ಬೆರಳು ಹಾಕಿದರು. ಆರುನೂರು ಎಂದರು. ನಾನು ಹುನಗುಂದದ ವಕೀಲರ ಮೋಟಾರಿನ ಮಾತು ತೆಗೆದೆ. ಅವರು ಟಾಯರಿನ ಮಾತು ತೆಗೆದರು. ಟಾಯರು ಸವೆದದ್ದು ನಿಜ, ಹೊಸದಕ್ಕೆ ಎಷ್ಟು ಬೀಳುತ್ತದೋ ಅಷ್ಟು ಬಿಟ್ಟೆ. ಹುಡ್ಡಿನ ಸಲುವಾಗಿಯೂ ಸ್ವಲ್ಪ ಬಿಟ್ಟೆ. ದೀಪಕ್ಕೆ ಬಿಡಲಿಲ್ಲ. "ದೀಪ ಇಲ್ಲ ಅಂತ ಮೊದಲ ಲೆಕ್ಕಾ ಹಿಡಿದ ಎಂಟುನೂರೈವತ್ತು ಅಂದೀನ್ರಿ" ಎಂದೆ. ಅವರು ನಕ್ಕರು. ಏಳುನೂರಾ ಎಂಬತ್ತಕ್ಕೆ ಮಾತು ಕುದುರಿತು. ಅವರು ಸಂಚಕಾರವೆಂದು ಕೈಗೆ ಐದು ರೂಪಾಯಿ ಇಟ್ಟರು, ನಾನು ಮುಷ್ಟಿ ಮುಚ್ಚಿ ವ್ಯಾಪಾರ ಗಟ್ಟಿ ಮಾಡಿದೆ.

ಆಗ ಗುರಪ್ಪ ಸಾವಕಾರರು ಜನರನ್ನು ಸರಿಸಿಕೊಂಡು ಬಂದರು. ಮೊದಲಿಗೆ ಪರವಾನಗಿ ಕೇಳಿದರು. ತೋರಿಸಿದೆ. ಓದಿ ಹಿಂದಕ್ಕೆ ಕೊಟ್ಟರು. ಆಮೇಲೆ ಸಂತೆಗೆಲ್ಲ ಕೇಳುವ ಹಾಗೆ, "ಬಾದಾಮಿಯವರು ಎಷ್ಟು ಕೊಡ್ತಾರ? ನಾ ಸಾವಿರ ಕೊಡ್ತೇನಿ. ಈಗ ಇಲ್ಲೇ, ರೋಖ" ಎಂದರು.

ನಿಜ ಹೇಳುತ್ತೇನೆ, ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹೆಚ್ಚಿನ ಆ ಹಣಕ್ಕೆ ಇನ್ನೂ ಒಂದು ಮಗ್ಗ, ಅದಕ್ಕೆ ಬೇಕಾದ ರೇಶಿಮೆ, ಎಲ್ಲ ಬರುತ್ತಿತ್ತು. ಶೇಖವ್ವ ಹಿಂದಿನಿಂದ ನನ್ನ ಸೆರಗು ಜಗ್ಗಿದಳು. ಹೂಂ ಅನ್ನು ಎಂದು ಜಗ್ಗಿದಳೋ, ಬೇಡ ಎಂದು ಜಗ್ಗಿದಳೋ, ಕೇಳಿದರೆ ಅವಳಿಗೂ ನೆನಪಿಲ್ಲವಂತೆ. ರಾಚಯ್ಯನವರು ನನ್ನ ಮುಚ್ಚಿದ ಮುಷ್ಟಿಯನ್ನೇ ನೋಡುತ್ತಿದ್ದರು.

ನಾನು ಅಂದೆ: "ಸಾವಿರ ಇದರ ಕಿಮ್ಮತ್ತಲ್ರಿ, ಸಾವಕಾರ್ರ. ಇದಕ್ಕ ಟಾಯರು ಸವದೈತಿ, ಹುಡ್ಡು ಸೋರತೈತಿ. ಮುನ್ನೂರೂ ಇದರ ಕಿಮ್ಮತ್ತಲ್ಲ. ಇದರ ಕಿಮ್ಮತ್ತು ಎಷ್ಟೋ ಅಷ್ಟ ರಾಚಯ್ಯನೋರು ಕೊಟ್ಟಾರ. ನೀವು ಕೊಡಾಕ ಬಂದಿದ್ದು ಮೋಟಾರಿನ ರೊಕ್ಕ ಅಲ್ಲ. ನನ್ನ ಮುಷ್ಟಿ ಬಿಚ್ಚಿಸೂ ರೊಕ್ಕ."

ಸಾವಕಾರರ ಕಿವಿ ಕೆಂಪಗಾದವು. ಬಂದ ಹಾಗೆಯೇ ಜನರನ್ನು ಸರಿಸಿಕೊಂಡು ಹೋದರು.

ರಾಚಯ್ಯನವರು ಹಣ ಎಣಿಸಿ ಕೊಟ್ಟು, ತಾವು ಹತ್ತುವ ಮೊದಲು ಕೇಳಿದರು, "ಇದಕ್ಕ ಏನರೆ ಹೇಳೂದೈತೇನವ್ವ?" ಎಂದು. "ಥಂಡಿಯೊಳಗ ಹ್ಯಾಂಡಲ್ಲು ಎದುರು ಹೊಡಿತೈತ್ರಿ, ಹೆಬ್ಬೆಟ್ಟು ಹೊರಗ ಇಟ್ಟು ಹಿಡೀರಿ" ಅಂದೆ. ಬೇರೇನೂ ಹೊಳೆಯಲಿಲ್ಲ. ಮೋಟಾರು ಧೂಳೆಬ್ಬಿಸಿಕೊಂಡು ಹೋಯಿತು. ಆ ಸದ್ದು ನಿಲ್ಲುವವರೆಗೆ ನಿಂತಿದ್ದೆ.

ಇಳಕಲ್ಲಿಗೆ ತಿರುಗಿ ಬರಲು ಇದ್ದದ್ದು ಸಾವಕಾರರ ಮೋಟಾರು ಒಂದೇ. ನಾವಿಬ್ಬರೂ ಹೋಗಿ ಹನಮಪ್ಪನ ಮಗ್ಗುಲಿಗೇ ಮುಂದಿನ ಸೀಟಿನಲ್ಲಿ ಕೂತೆವು. 'ನಿಮ್ಮಂಥವರ ಕಡೆ ಹೆಂಗ ತಗೋಬೇಕು' ಎಂದು ಅವನು ಟಿಕೀಟಿನ ಹಣ ಒಲ್ಲೆ ಎಂದ. "ತಗೋ, ಹನಮಪ್ಪಣ್ಣ. ಪುಕ್ಕಟೆ ಕೂತರು ಅಂತ ಯಾರೂ ಅನಬಾರದು" ಎಂದು ಎರಡು ಟಿಕೀಟು ಹರಿಸಿಕೊಂಡೆ.

ಮಗ್ಗಗಳು ಬುಧವಾರ ಮನೆಗೆ ಬರುತ್ತವೆ. ಛಪ್ಪರದಲ್ಲಿ ಕುಣಿ ತೋಡಿಸುತ್ತಿದ್ದೇನೆ. ಆ ಡಬ್ಬಿಯಿಂದ ನಿನಗೆ ಏನೂ ತೊಂದರೆಯಾಗಲಿಲ್ಲ ತಾನೆ? ಬೇಗ ಬರೆ.

ನಿನ್ನ ಆಪಾ
ದೌಲತಬಿ

•

ಬಾಗಲಕೋಟ
ತಾ. ೪ ಡಿಸೆಂಬರ ೧೯೨೭

ಆಪಾಳಿಗೆ ಇಮಾಮಹುಸೇನನ ಸಲಾಮು.

ಸೋಮವಾರ ಸಾವಕಾರರು ಜಿನ್ನಿನ ಅಂಗಳಕ್ಕೆ ಎಲ್ಲರನ್ನೂ ಕರೆಸಿದರು. ಹಮಾಲರು, ತೂಕದವರು, ಕಾರಕೂನರು ಎಲ್ಲರೂ ನಿಂತಿದ್ದೆವು. "ಅಮೀನಗಡಕ್ಕ ಪೆಟ್ರೋಲ ಡಬ್ಬಿ ಹೋಗೇತಿ. ಯಾರು ಕಳಿಸಿದ್ರು?" ಎಂದು ಕೇಳಿದರು. ಕಲ್ಲಪ್ಪ ನನ್ನ ಕಡೆ ನೋಡಲಿಲ್ಲ. ಬಡವ, ಅವನ ಬಂಡಿ ಜಿನ್ನಿನ ಬಾಡಿಗೆಯ ಮೇಲೆಯೇ ನಡೆಯುತ್ತದೆ. ಈ ಸಲವೂ ನೆಲ ನೋಡುತ್ತ ನಿಂತಿದ್ದರೆ ಅವನ ಕೊರಳಿಗೆ ಬರುತ್ತಿತ್ತು.

"ನಾನ್ರಿ" ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ನಮ್ಮ ಆಪಾಗ ನಾ ಕಳಿಸೀನ್ರಿ. ಇನ್ನೊಂದು ಮಾತು. ಲಾಡಸಾಬರ ಮೋಟಾರಿನ ಎಂಜಿನು ಒಡದಿರಲಿಲ್ರಿ. ಅವತ್ತ ಹೇಳಬೇಕಿತ್ತು, ಇವತ್ತ ಹೇಳೇನಿ."

ಸಾವಕಾರರು, "ನಾಳಿಂದ ಕೆಲಸಕ್ಕ ಬರಬ್ಯಾಡ" ಎಂದರು.

"ಇವತ್ತಿನಿಂದಲೇ ಬರೂದಿಲ್ರಿ" ಎಂದು ಹೇಳಿ ಟೊಪ್ಪಿಗೆ ಹಾಕಿಕೊಂಡು ಹೊರಬಿದ್ದೆ. ಮುಂದೇನು ಮಾಡುವುದು ಇನ್ನೂ ಗೊತ್ತಿಲ್ಲ. ಸ್ಟೇಶನ್ನಿನಲ್ಲಿ ಸಾಮಾನು ಇಳಿಸುವ ಮಾಲಧಕ್ಕೆಯಲ್ಲಿ ಕೆಲಸ ವಿಚಾರಿಸುತ್ತಿದ್ದೇನೆ. ನೀನು ಹಣ ಕಳಿಸುವ ಮಾತೆತ್ತಿದರೆ ಪತ್ರ ಒಡೆಯದೆ ಹಿಂದಕ್ಕೆ ಕಳಿಸುತ್ತೇನೆ.

ಅಬೇದಾ ಎರಡು ದಿನ ನನ್ನ ಕೂಡ ಮಾತು ಬಿಟ್ಟಿದ್ದಳು. ನಿನ್ನ ಪತ್ರ ಬಂತು, ಗೋಡೆಗೆ ಮುಖ ಮಾಡಿ ಕೂತವಳಿಗೆ ಗಟ್ಟಿಯಾಗಿ ಓದಿದೆ. ಏರು ಹತ್ತಿದ ಭಾಗಕ್ಕೆ ಬಂದಾಗ ಅವಳ ಬೆನ್ನು ಅಲುಗತೊಡಗಿತು. ಅಳುತ್ತಿದ್ದಾಳೆಂದು ಓದು ನಿಲ್ಲಿಸಿದೆ. ತಿರುಗಿದಳು. ನಗು ತಡೆಯಲಾರದೆ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

"ನಿಂತಿರ್ಯಾಕ? ಓದ್ರಿ" ಅಂದಳು. "ಸಾವಕಾರಗ ಅಂದಿದ್ದನ್ನ ಮತ್ತೊಮ್ಮೆ ಓದ್ರಿ. ಜೋರಾಗಿ ಓದ್ರಿ, ಓಣ್ಯಾಗಿನ ಮಂದಿಗೂ ಕೇಳಲಿ."

ಓದಿದೆ, ಆಪಾ.

ನಿನ್ನ ತಮ್ಮ
ಇಮಾಮಹುಸೇನ